ಳ ಇಲ್ಲದ ಕನ್ನಡ

ನನ್ನ ಕನ್ನಡವನ್ನು ಯಾರಾದರೂ ಹೊಗಳಿದರೆ ನನಗೆ ಮೊದಲು ಬರುವುದು ಸಂತೋಷವಲ್ಲ, ಸಂಶಯ. ಇವರಿಗೆ ಎಷ್ಟು ಗೊತ್ತಾಗಿರಬಹುದು ಎಂದು ಲೆಕ್ಕ ಹಾಕುತ್ತೇನೆ. ಹೊಗಳುವವರಿಗೇನೂ ಬರಗಾಲವಿಲ್ಲ. ಬಿ.ಸಿ. ರೋಡಿನಲ್ಲಿ ಒಂದು ಫ್ಯಾನ್ಸಿ ಅಂಗಡಿಯ ಮಾಳಿಗೆಯಲ್ಲಿರುವ ಪುಟ್ಟ ಸ್ಟುಡಿಯೋದಲ್ಲಿ ನಾನು ಅನೌನ್ಸ್‌ಮೆಂಟ್ ಓದುತ್ತೇನೆ. ತಲೆಯ ಮೇಲೆ ಮೈಕ್ ಕಟ್ಟಿಕೊಂಡ ರಿಕ್ಷಾ ಊರೂರು ಸುತ್ತುತ್ತದಲ್ಲ, ರಕ್ತದಾನ ಶಿಬಿರ, ಕಬಡ್ಡಿ ಪಂದ್ಯಾಟ, ಹೊಸ ಬಟ್ಟೆ ಅಂಗಡಿಯ ಉದ್ಘಾಟನೆ ಎಂದು ಸಾರುತ್ತದಲ್ಲ, ಅದರೊಳಗಿನ ಹೆಂಗಸಿನ ಸ್ವರ ನನ್ನದು. ಬರೆಯುವುದೂ ನಾನೇ. ಬೇರೆಯವರು ಬರೆದದ್ದನ್ನು ಓದುವುದಿಲ್ಲ ಎಂಬುದು ನನ್ನ ಒಂದೇ ಷರತ್ತು. ಸ್ಟುಡಿಯೋದ ಯಜಮಾನರು ಅದನ್ನು ಕಲಾವಿದೆಯ ಅಹಂಕಾರ ಎಂದು ತಿಳಿದು ಗೌರವ ಕೊಟ್ಟಿದ್ದಾರೆ.

ಒಮ್ಮೆ ಮಾತ್ರ ಅವರು ಕೇಳಿದರು, "ಮೇಡಂ, ಬೆಳ್ತಂಗಡಿ ಅಂತ ಸೀದಾ ಹೇಳಿದ್ರೆ ಆಗ್ತದಲ್ಲ, ನೀವು ಯಾವಾಗ್ಲೂ 'ನಮ್ಮ ನೆರೆಯ ತಾಲೂಕು ಕೇಂದ್ರ' ಅಂತ ಯಾಕೆ ಬರೆಯುವುದು?"

"ಸ್ವಲ್ಪ ಗಾಂಭೀರ್ಯ ಬೇಕು ಸರ್," ಎಂದೆ.

ಅವರು ತಲೆಯಾಡಿಸಿದರು. ನಂಬಿದರೋ, ನಂಬಿದ ಹಾಗೆ ಮಾಡಿದರೋ, ಆ ದಿನವಿಡೀ ಅದೇ ಚಿಂತೆ.

ನಿಜ ಸಂಗತಿ ಇಷ್ಟೇ. ನನಗೆ ಳ ಬರುವುದಿಲ್ಲ. ಬರೆಯಲಿಕ್ಕೆ ಬರುತ್ತದೆ, ಕಾಗದದ ಮೇಲೆ ನಾನು ಯಾರಿಗೂ ಹೆದರಿದವಳಲ್ಲ. ಬಾಯಿಗೆ ಬರುವುದಿಲ್ಲ. ವೇಣೂರಿನಿಂದ ಎರಡು ಮೈಲಿ ಒಳಗಿರುವ ನಮ್ಮ ಮನೆಯ ತುಳುವಿನಲ್ಲಿ ಆ ಅಕ್ಷರವೇ ಇಲ್ಲ. ತುಳುವಿನಲ್ಲೂ ಮನೆಯಿಂದ ಮನೆಗೆ ಉಚ್ಚಾರ ಬೇರೆ. ಕೆಲವರ ಮನೆಗಳಲ್ಲಿ ಳ ಇದೆ, ನಮ್ಮಂಥವರ ಮನೆಗಳಲ್ಲಿ ಎಲ್ಲವೂ ಲ. ಊರ ಶಾಲೆಯಲ್ಲಿ ಕನ್ನಡ ಪಾಠವನ್ನು ನಾವೆಲ್ಲ ಲ ಎಂದೇ ಓದಿದೆವು. ಟೀಚರೂ ನಮ್ಮ ಕಡೆಯವರೇ, ಅವರ ಬಾಯಲ್ಲೂ ಅದೇ, ತಿದ್ದುವವರು ಯಾರು? ಹದಿನಾರು ವರ್ಷ ತುಂಬುವವರೆಗೆ ನನ್ನ ಬಾಯಲ್ಲಿ ಒಂದು ಅಕ್ಷರ ಕಡಿಮೆ ಇದೆ ಎಂಬ ಸುದ್ದಿಯೇ ನನಗೆ ಇರಲಿಲ್ಲ.

ಸುದ್ದಿ ಸಿಕ್ಕಿದ್ದು ಮೂಡುಬಿದಿರೆಯಲ್ಲಿ, ಪಿಯುಸಿಯ ಮೊದಲ ದಿನ. ದೊಡ್ಡ ಕಾಲೇಜು. ತರಗತಿಯ ತುಂಬ ಬೆಂಗಳೂರು, ದಾವಣಗೆರೆ, ವಿಜಯಪುರ ಎಂದು ಎಲ್ಲೆಲ್ಲಿಂದಲೋ ಬಂದ ಹಾಸ್ಟೆಲಿನವರು. ದಿನಾ ಬಸ್ಸಿನಲ್ಲಿ ಬಂದು ಹೋಗುವವರು ಬೆರಳೆಣಿಕೆಯಷ್ಟು. ವೇಣೂರು ಕಡೆಯಿಂದ ನಾವಿಬ್ಬರೇ, ನಾನು ಮತ್ತು ನನ್ನ ಬಸ್ಸಿನ ಜೊತೆಗಾತಿ. ಒಂದನೇ ಕ್ಲಾಸಿನಿಂದ ಒಂದೇ ಶಾಲೆ, ಈಗ ಒಂದೇ ಬಸ್ಸು, ಒಂದೇ ಸೀಟು. ಅವಳ ಮನೆಯ ತುಳುವೂ ನಮ್ಮ ಮನೆಯದೇ ತುಳು. ಮೊದಲ ದಿನ ಎಲ್ಲರೂ ಎದ್ದು ನಿಂತು ಪರಿಚಯ ಹೇಳಬೇಕೆಂದು ಯಾರೋ ಮುಂಚೆಯೇ ಹೇಳಿದ್ದರು. ಕನ್ನಡದಲ್ಲಿ ತಪ್ಪಬಾರದೆಂದು ನಾವಿಬ್ಬರೂ ಬಸ್ಸಿನಲ್ಲಿ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿ ಬಾಯಿಪಾಠ ಮಾಡಿಕೊಂಡೆವು.

ಹಾಜರಿ ಪಟ್ಟಿಯ ಪ್ರಕಾರ ಕೂರಿಸಿದ್ದರು. ನನ್ನ ನಂತರದ ಹೆಸರು ಅವಳದ್ದು, ಅವಳು ನನ್ನ ಬೆನ್ನ ಹಿಂದೆ. ನನ್ನ ಸರದಿ ಬಂತು. ಎದ್ದು, ಕೈಕಟ್ಟಿ, ಬಸ್ಸಿನಲ್ಲಿ ಹೇಳಿದ ಹಾಗೆಯೇ ಹೇಳಿದೆ.

"ನಾನು ಇಲ್ಲೇ ಹತ್ತಿರದ ಒಂದು ಹಲ್ಲಿಯವಲು."

ತರಗತಿ ಒಂದು ಕ್ಷಣ ಸುಮ್ಮನಿತ್ತು. ನಾನು ಕೂತುಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಲೊಚ್ ಎಂದರು. ಗೋಡೆಯ ಹಲ್ಲಿ ಮಾಡುವ ಸದ್ದು. ಉಳಿದವರಿಗೆ ನಾನು ಹೇಳಿದ್ದು ಏನೆಂದು ಹೊಳೆದದ್ದೇ ಆಗ. ಆಮೇಲೆ ನಾಲ್ಕೂ ಮೂಲೆಯಿಂದ ಲೊಚ್ ಲೊಚ್ ಲೊಚ್. ಲೆಕ್ಚರರು ಬೋರ್ಡಿನ ಕಡೆ ತಿರುಗಿ ಏನೋ ಬರೆಯತೊಡಗಿದರು. ಅವರ ಭುಜ ಕುಲುಕುತ್ತಿದ್ದದ್ದನ್ನು ನಾನು ಈ ಕಣ್ಣಿಂದ ನೋಡಿದ್ದೇನೆ.

ನಗು ಇಳಿದ ಮೇಲೆ ನನ್ನ ಜೊತೆಗಾತಿ ಎದ್ದು ನಿಂತಳು. "ನಾನು ವೇಣೂರಿನಿಂದ ಬರುತ್ತಿದ್ದೇನೆ," ಎಂದು ಹೇಳಿ ಕೂತಳು. ಬಸ್ಸಿನಲ್ಲಿ ಕಲಿತ ವಾಕ್ಯ ಎಲ್ಲಿ ಹೋಯಿತು? ಅಷ್ಟು ಬೇಗ ಹೊಸ ವಾಕ್ಯ ಎಲ್ಲಿಂದ ಬಂತು? ನನ್ನ ಹಿಂದಿನ ಬೆಂಚಿನಲ್ಲಿದ್ದದ್ದು ಮೂವರು. ಇಬ್ಬರು ಘಟ್ಟದ ಮೇಲಿನವರು, ಮೂರನೆಯವಳು ಅವಳು. ಅವರಿಬ್ಬರಿಗೆ ನನ್ನ ಮಾತು ಅರ್ಥವಾಗಲಿಕ್ಕೇ ಸ್ವಲ್ಪ ಹೊತ್ತು ಬೇಕು. ಅಷ್ಟು ಚುರುಕಾಗಿ ಲೊಚ್ ಅನ್ನಬೇಕಾದರೆ ನಾನು ಹೇಳುವುದು ಏನೆಂದು ಮೊದಲೇ ಗೊತ್ತಿದ್ದವರಾಗಬೇಕು. ಹೀಗೆ ನಾನು ಅವತ್ತೇ ತೀರ್ಪು ಬರೆದಿಟ್ಟೆ.

ಎರಡು ವರ್ಷ ನನ್ನ ಹೆಸರು ಹಲ್ಲಿ. ಹಾಜರಿಗೆ ಪ್ರೆಸೆಂಟ್ ಎಂದರೆ ಲೊಚ್, ಲ್ಯಾಬಿನಲ್ಲಿ ಸಾಮಾನು ಕೇಳಿದರೆ ಲೊಚ್. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ದೂರು ಕೊಡುವುದಾದರೆ ಏನೆಂದು ಕೊಡಲಿ? ಮನೆಯಲ್ಲಿ ಅಮ್ಮನಿಗೆ ಹೇಳಿದೆ. ನಮ್ಮಲ್ಲಿ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ ಎಂದು ಲೆಕ್ಕ, ಬೆರಳಿನಿಂದ ನೆಲ ತಟ್ಟಿ ದೇವರನ್ನು ನೆನೆಯುತ್ತಾರೆ. ಅಮ್ಮ ಬೀಡಿಯ ಎಲೆ ಕತ್ತರಿಸುತ್ತಾ, "ಹಾಗಾದರೆ ನೀನು ಹೇಳಿದ್ದೆಲ್ಲ ಸತ್ಯ ಅಂತಾಯ್ತು," ಎಂದಳು. ಸಮಾಧಾನಕ್ಕೆ ಹೇಳಿದ್ದು. ನನಗೆ ಅಮ್ಮನೂ ತಮಾಷೆ ಮಾಡುತ್ತಿದ್ದಾಳೆ ಅನ್ನಿಸಿ ಸಿಟ್ಟು ಬಂತು. ಊಟ ಬಿಟ್ಟೆ.

ಜೊತೆಗಾತಿ ಒಂದು ವಾರ ಬಸ್ಸಿನಲ್ಲಿ ನನಗೆ ಸೀಟು ಹಿಡಿದಿಟ್ಟಳು. ನಾನು ಮುಂದೆ ಹೋಗಿ ಡ್ರೈವರನ ಹಿಂದೆ ನಿಂತೆ. ಆಮೇಲೆ ಅವಳು ಸೀಟು ಹಿಡಿಯುವುದನ್ನು ಬಿಟ್ಟಳು. ಯಾಕೆ ಎಂದು ಕೇಳಲಿಲ್ಲ. ಕೇಳದಿದ್ದದ್ದು ನನಗೆ ಇನ್ನೊಂದು ಪುರಾವೆಯಾಯಿತು.

ನಾನು ಕಸುಬು ಕಲಿತದ್ದು ಆ ಎರಡು ವರ್ಷಗಳಲ್ಲಿ. ಕನ್ನಡಿಯ ಮುಂದೆ ನಿಂತು ನಾಲಿಗೆ ಮಡಚಿದರೆ ಳ ಬರುತ್ತಿತ್ತು. ನಾಲ್ಕು ಜನ ಎದುರಿದ್ದರೆ ನಾಲಿಗೆ ಹಲ್ಲಿನ ಹಿಂದಕ್ಕೆ ಓಡಿಹೋಗುತ್ತಿತ್ತು. ಸರಿ, ಅಕ್ಷರ ಬರದಿದ್ದರೆ ಬೇಡ, ಅದಿಲ್ಲದೆ ಮಾತಾಡಿದರಾಯಿತು ಎಂದುಕೊಂಡೆ. ಬೆಳಗ್ಗೆ ಎನ್ನುವಲ್ಲಿ ಮುಂಜಾನೆ. ನಾಳೆ ಎನ್ನಲಾಗದ್ದಕ್ಕೆ ವಾರದ ಹೆಸರು, ಮಂಗಳವಾರಕ್ಕೂ ಅದೇ ಕಾಟವಾದ್ದರಿಂದ ಸೋಮವಾರದ ಮರುದಿನ. ಕೂತುಕೊಳ್ಳಿ ಎನ್ನುವ ಬದಲು ಆಸೀನರಾಗಿ. ಕ್ಯಾಂಟೀನಿನಲ್ಲಿ ಬಾಳೆಹಣ್ಣು ಕೇಳುವುದು ಹೇಗೆ ಎಂದು ಯೋಚಿಸಿ, ಕದಳಿ ಎಂಬ ಪದ ಹುಡುಕಿ ತೆಗೆದರೆ ಅದರ ಹೊಟ್ಟೆಯಲ್ಲೂ ಅದೇ ಅಕ್ಷರ. ಎರಡು ವರ್ಷ ಬಾಳೆಹಣ್ಣನ್ನು ಬೆರಳು ತೋರಿಸಿಯೇ ತಿಂದೆ. ಪುಸ್ತಕಗಳು ಎನ್ನದೆ ಎಲ್ಲ ಪುಸ್ತಕ, ಮಕ್ಕಳು ಎನ್ನದೆ ಪ್ರತಿಯೊಂದು ಮಗು. ಲೈಬ್ರರಿಯ ನಿಘಂಟನ್ನು ನನ್ನಷ್ಟು ತಿರುವಿದವರು ಆ ಕಾಲೇಜಿನಲ್ಲಿ ಇರಲಿಕ್ಕಿಲ್ಲ.

ಕಷ್ಟ ಬಂದದ್ದು ಇನ್ನೊಂದು ಕಡೆ. ಅವನು ಬಂದ, ಅದು ಬಂತು, ಅವರು ಬಂದರು, ಇವೆಲ್ಲ ಸಲೀಸು. ಹೆಣ್ಣು ಬಂದರೆ ಮಾತ್ರ ಅವಳು ಬಂದಳು. ಒಂದು ಹುಡುಗಿ ಎದ್ದರೂ ಳು, ಕೂತರೂ ಳು, ನಕ್ಕರೂ ಳು. ಆ ಅಕ್ಷರ ಬಿಟ್ಟರೆ ಕನ್ನಡದಲ್ಲಿ ಹೆಣ್ಣಿನ ಬಗ್ಗೆ ಒಂದು ವಾಕ್ಯ ಮುಗಿಸಲಿಕ್ಕೆ ಆಗುವುದಿಲ್ಲ. ನಾನು ಎಲ್ಲ ಹೆಂಗಸರನ್ನೂ ಅವರು ಮಾಡಿಬಿಟ್ಟೆ. ಸಹಪಾಠಿಯೂ ಬಂದರು, ಕಸ ಗುಡಿಸುವ ಹುಡುಗಿಯೂ ಬಂದರು. ಆಮೇಲೆ ಮದುವೆಯಾಗಿ ಬಿ.ಸಿ. ರೋಡಿಗೆ ಬಂದಾಗ ಪಕ್ಕದ ಮನೆಯ ಕನ್ನಡದವರ ಎರಡು ತಿಂಗಳ ಹೆಣ್ಣುಕೂಸನ್ನು ನೋಡಲು ಹೋಗಿ, "ಇವರು ಚೆನ್ನಾಗಿ ನಿದ್ರೆ ಮಾಡುತ್ತಾರಾ?" ಎಂದು ಕೇಳಿದೆ. ಕೂಸಿನ ತಾಯಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ನನ್ನನ್ನು ವಿನಯವಂತೆ ಎಂದವರಿದ್ದಾರೆ, ಜಂಬಗಾತಿ, ಎಲ್ಲರನ್ನೂ ದೂರವಿಡುತ್ತಾಳೆ ಎಂದವರೂ ಇದ್ದಾರೆ. ಎರಡನೆಯವರು ಸತ್ಯಕ್ಕೆ ಹತ್ತಿರವಿದ್ದರು.

ನನ್ನ ಕನ್ನಡ ಶುದ್ಧವಾದ ಕತೆ ಇದು. ಜನ ಇದನ್ನು ಕೇಳಿದರೆ ಛಲ ಎನ್ನುತ್ತಾರೆ, ಅಣಕಿಸಿದವರ ಎದುರೇ ಗೆದ್ದು ತೋರಿಸಿದೆ ಎನ್ನುತ್ತಾರೆ. ನಾನೂ ಹಾಗೆಯೇ ನಂಬಿಕೊಂಡು ಹದಿನಾರು ವರ್ಷ ಕಳೆದೆ. ಎಷ್ಟೆಂದರೂ ಮೈಕಿನಲ್ಲಿ ಊರಿಗೆಲ್ಲ ಕೇಳುವ ಸ್ವರ ನನ್ನದಲ್ಲವೇ?

ಕಳೆದ ವರ್ಷ ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಆ ಜೊತೆಗಾತಿ. ಮೈ ಸ್ವಲ್ಪ ತುಂಬಿದೆ, ಕನ್ನಡಕ ಬಂದಿದೆ. ಒಂದು ಕೈಯಲ್ಲಿ ದ್ರಾಕ್ಷಿಯ ಕವರು, ಇನ್ನೊಂದು ಕೈಯಲ್ಲಿ ಹತ್ತು ವರ್ಷದ ಒಂದು ಹುಡುಗಿ.

"ಗುರ್ತ ಸಿಕ್ಕಿತಾ?" ಎಂದಳು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಬರೆಯುತ್ತಿರುವುದು ಅದರ ಕನ್ನಡ.

"ಸಿಕ್ಕಿತು. ಬಾ," ಎಂದೆ. ಮನಸ್ಸಿನಲ್ಲಿ, ಇಷ್ಟು ವರ್ಷದ ಮೇಲೆ ದ್ರಾಕ್ಷಿ ಹಿಡಿದುಕೊಂಡು ಬಂದಿದ್ದಾಳೆ ಎಂದರೆ ಏನೋ ಇದೆ ಎಂದುಕೊಂಡೆ. ಕವರನ್ನು ಮೇಜಿನ ಮೇಲಿಟ್ಟೆ, ಒಳಗೆ ಒಯ್ಯಲಿಲ್ಲ.

ಪುಂಜಾಲಕಟ್ಟೆಯಲ್ಲಿ ಅವಳದ್ದೊಂದು ಹೊಲಿಗೆ ಅಂಗಡಿಯಂತೆ. "ಎದುರೇ ರಿಕ್ಷಾ ನಿಲ್ಲುವುದು. ಮೈಕಿನಲ್ಲಿ ನಿನ್ನ ಸ್ವರ ಮೊದಲ ಸಲ ಕೇಳಿದಾಗಲೇ ಗೊತ್ತಾಯ್ತು. ಸ್ಟುಡಿಯೋದವರ ಹತ್ತಿರ ಕೇಳಿ ಮನೆ ಹುಡುಕಿದ್ದು," ಎಂದಳು. ಆಮೇಲೆ ಮಗಳ ತಲೆ ಸವರಿ, "ಇವಳಿಗೆ ನಿನ್ನ ಹಾಗೆ ಮಾತಾಡ್ಲಿಕ್ಕೆ ಕಲಿಸಬೇಕು ಮಾರಾಯ್ತಿ."

"ನನ್ನ ಹಾಗೆ ಅಂದ್ರೆ ಹೇಗೆ?"

ಅವಳು ಚಹಾದ ಲೋಟವನ್ನು ಕೆಳಗಿಟ್ಟಳು. "ಎರಡು ವರ್ಷದಿಂದ ನಿನ್ನ ಅನೌನ್ಸ್‌ಮೆಂಟ್ ಕೇಳ್ತಾ ಇದ್ದೇನೆ. ಅದರಲ್ಲಿ ಒಂದು ಅಕ್ಷರ ಒಮ್ಮೆಯೂ ಬರಲಿಲ್ಲ."

ಯಾವ ಅಕ್ಷರ ಎಂದು ನಾನು ಕೇಳಲಿಲ್ಲ. ಸ್ಟುಡಿಯೋದ ಯಜಮಾನರಿಗೆ ತಿಳಿಯದ್ದು, ಕಟ್ಟಿಕೊಂಡ ಗಂಡನಿಗೆ ತಿಳಿಯದ್ದು ಇವಳಿಗೆ ತಿಳಿದಿದೆ. ಹೆದರಿಸಲಿಕ್ಕೆ ಬಂದಳೇ, ಮತ್ತೊಮ್ಮೆ ನಗಾಡಲಿಕ್ಕೆ ಬಂದಳೇ ಎಂದು ಅವಳ ಮುಖವನ್ನೇ ನೋಡಿದೆ. ಇರುವ ಅಕ್ಷರ ಯಾರ ಕಿವಿಗೂ ಬೀಳುತ್ತದೆ. ಇಲ್ಲದ ಅಕ್ಷರ ಕಿವಿಗೆ ಬೀಳಬೇಕಾದರೆ ಅದನ್ನು ಕಾಯುತ್ತಾ ಕೂತಿರಬೇಕು. ಅವಳು ಕಾಯುತ್ತಿದ್ದದ್ದು ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಹುಡುಗಿಯ ಕತೆ ಹೇಳಿದಳು. ಐದನೇ ಕ್ಲಾಸು. ಶಾಲೆಯಲ್ಲಿ ಆಡುವಾಗ ಬಿದ್ದು ಕೈಬಳೆ ಒಡೆದಿದೆ. ಅಳುತ್ತಾ ಹೋಗಿ, "ಟೀಚರ್, ನನ್ನ ಬಲೆ ಒಡೆಯಿತು," ಎಂದಿದ್ದಾಳೆ. ಅವತ್ತಿನಿಂದ ಕ್ಲಾಸಿನವರು, "ಇವತ್ತು ಬಲೆಗೆ ಎಷ್ಟು ಮೀನು ಬಿತ್ತು?" "ಬಂಗುಡೆ ಉಂಟಾ, ಬೂತಾಯಿಯಾ?" ಎಂದು ಕೇಳುತ್ತಾರಂತೆ. ಪುಸ್ತಕದ ಒಳಗೆ ಒಣಮೀನಿನ ಬಾಲ ಇಟ್ಟಿದ್ದಾರೆ. ಇವಳು ಒಳ್ಳೆಯ ಮಾತುಗಾತಿಯೆಂದು ಟೀಚರು ತಾಲೂಕಿನ ಭಾಷಣ ಸ್ಪರ್ಧೆಗೆ ಆರಿಸಿದ್ದರು. ಈಗ ಭಾಷಣ ಬೇಡ ಎನ್ನುತ್ತಾಳೆ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಸ್ಪರ್ಧೆಗೆ ಇನ್ನು ನಾಲ್ಕೇ ವಾರ.

"ನಿನಗೆ ಆದದ್ದು ಇವಳಿಗೆ ಆಗಬಾರದು," ಎಂದಳು.

"ನನಗೆ ಎಂತ ಆಗಿದೆ? ನಾನು ಚೆನ್ನಾಗಿಯೇ ಇದ್ದೇನಲ್ಲ," ಎಂದು ಸಿಡುಕಿದೆ. ಹುಡುಗಿ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿತ್ತು. ಬೆನ್ನು ನಮ್ಮ ಕಡೆ, ಕಿವಿ ಮಾತ್ರ ಇಲ್ಲೇ ಇತ್ತೆಂದು ನನಗೆ ಗೊತ್ತಾಯಿತು. ಆ ವಯಸ್ಸಿನಲ್ಲಿ ಹಾಗೆ ನಿಲ್ಲುವುದನ್ನು ನಾನು ಕಲಿತಿರಲಿಲ್ಲ, ಹದಿನಾರಕ್ಕೆ ಕಲಿತೆ. ಬರುವ ಭಾನುವಾರದಿಂದ ಕಳಿಸು ಎಂದೆ.

ಹುಡುಗಿ ಬಂದಳು, ತಾನೇ ಬರೆದ ಭಾಷಣದ ಎರಡು ಪುಟ ತಂದಳು. ವಿಷಯ, ನನ್ನ ಮನೆ. ಪುಟದ ತುಂಬ ಎರಡು ವರ್ಷದ ತಂಗಿಯದ್ದೇ ಪುರಾಣ. ಮನೆಯಲ್ಲಿ ತಂಗಿಯೇ ಯಜಮಾನಿ, ಅವಳು ಹೇಳಿದ್ದೇ ಆಗಬೇಕು, ಅಕ್ಕಿಯ ಡಬ್ಬಿಯೊಳಗೆ ಅಪ್ಪನ ಮೊಬೈಲ್ ಹಾಕಿದಳು, ಹೊಲಿಗೆ ಯಂತ್ರದ ಕೆಳಗೆ ಅಡಗಿ ಕೂತಳು. ಚೆನ್ನಾಗಿ ಬರೆದಿತ್ತು ಮಗು. ನಾನು ಕೆಂಪು ಪೆನ್ನು ತೆಗೆದುಕೊಂಡು ಳ ಇದ್ದಲ್ಲೆಲ್ಲ ಗೀರು ಎಳೆಯುತ್ತ ಹೋದೆ. ಹಾಕಿದಳು ಇದ್ದದ್ದು ಹಾಕಿದರು ಆಯಿತು. ಉರುಳಾಡಿದಳು ಎಂಬಲ್ಲಿ ಸ್ವಲ್ಪ ತಡೆದು, ನೆಲಕ್ಕೆ ಬಿದ್ದು ಹಠ ಮಾಡಿದರು ಎಂದು ಬರೆದೆ. ನನ್ನ ಕೈಚಳಕ ನನಗೇ ಮೆಚ್ಚಿಗೆಯಾಯಿತು.

"ಇದನ್ನು ಓದು ನೋಡುವ," ಎಂದೆ. ಪಾಠವಾದ್ದರಿಂದ ಕನ್ನಡದಲ್ಲಿ.

ಅವಳು ಓದಿದಳು. ನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಆಂಟಿ, ತಂಗಿಗೆ ಎರಡೇ ವರ್ಷ. 'ನೆಲಕ್ಕೆ ಬಿದ್ದು ಹಠ ಮಾಡಿದರು' ಅಂತ ಹೇಲಿದ್ರೆ ಯಾರೋ ಅಜ್ಜ ಬಿದ್ದದ್ದು ಅಂತ ಗ್ರಹಿಸ್ತಾರೆ. ಇನ್ನೂ ಹೆಚ್ಚು ನಗಾಡ್ತಾರೆ."

"ನಗಾಡಲಿಕ್ಕಿಲ್ಲ. ಅದು ಗೌರವದ ಮಾತು."

"ನೀವು ನಿಮ್ಮ ತಂಗಿಗೂ ಹೀಗೆಯೇ ಹೇಲುವುದಾ?"

"ನನಗೆ ತಂಗಿ ಇಲ್ಲ."

"ಮತ್ತೆ ಯಾರಿಗೆ ನೀವು ಅವಲು ಅಂತ ಹೇಲುವುದು?"

ಮಗು ಕೆಣಕುತ್ತಿದೆಯೇ ಎಂದು ನೋಡಿದೆ. ಇಲ್ಲ, ನಿಜವಾಗಿ ಕೇಳುತ್ತಿತ್ತು. ನಾನು ಹುಡುಕಿದೆ. ಅತ್ತಿಗೆ, ನಾದಿನಿ, ಪಕ್ಕದ ಮನೆಯ ಆ ಕೂಸು, ಅದಕ್ಕೀಗ ಎಂಟು ವರ್ಷ, ಇನ್ನೂ ನನಗೆ ಅವರೇ. ಕನ್ನಡದಲ್ಲಿ ನನಗೆ ಅವಳು ಎನ್ನುವಷ್ಟು ಹತ್ತಿರದ ಹೆಣ್ಣು ಒಬ್ಬಳೂ ಇರಲಿಲ್ಲ. ನನಗೆ ತುಂಬಾ ದುಃಖವಾಯಿತು. ಅದನ್ನು ಮರೆಸಲಿಕ್ಕೆ, "ಮೊದಲು ಇದನ್ನು ಬಾಯಿಪಾಠ ಮಾಡು," ಎಂದು ಗದರಿದೆ.

ಎರಡನೆಯ ಭಾನುವಾರ ನಾಲಿಗೆ ಮಡಚುವುದನ್ನು ಕಲಿಸಿದೆ. ನಾನೂ ಮಡಚಿ ತೋರಿಸಬೇಕಾಯಿತು. ಇಬ್ಬರೂ ಕನ್ನಡಿಯ ಮುಂದೆ ನಿಂತು ಳ ಳ ಳ ಎಂದೆವು. ಅವಳಿಗೆ ನಗು ಬಂತು, ನನಗೆ ಬರಲಿಲ್ಲ. ಕನ್ನಡಿಯಲ್ಲಿ ಬಂದದ್ದು ಮಾತಿಗೆ ಬರಲಿಲ್ಲ, ಅವಳಿಗೂ. ಹೋಗುವಾಗ ಅವಳು ತನ್ನ ಎರಡು ಪುಟವನ್ನೂ ನನ್ನ ಎರಡು ಪುಟವನ್ನೂ ಒಟ್ಟಿಗೆ ಚೀಲಕ್ಕೆ ಹಾಕಿಕೊಂಡಳು. ಯಾವುದನ್ನು ಹೇಳುತ್ತೀ ಎಂಬ ಅರ್ಥದಲ್ಲಿ, "ಯಾವುದು?" ಎಂದು ಕೇಳಿದೆ. "ನೋಡ್ತೇನೆ," ಎಂದಳು. ಸ್ಪರ್ಧೆಗೆ ಹೋಗುವುದಿಲ್ಲ ಎಂಬ ಮಾತು ಮಾತ್ರ ಅವತ್ತು ಬರಲಿಲ್ಲ.

ಮೂರನೆಯ ಭಾನುವಾರ ಮಗಳನ್ನು ಕರೆದೊಯ್ಯಲು ಬಂದ ತಾಯಿ ಅಡುಗೆಮನೆಯವರೆಗೆ ಬಂದು ನಿಂತಳು. ನಾನು ಚಹಾಕ್ಕೆ ನೀರಿಟ್ಟಿದ್ದೆ. ಮಗು ಜಗಲಿಯಲ್ಲಿ ಚಪ್ಪಲಿ ಹುಡುಕುತ್ತಿತ್ತು.

"ಅವತ್ತು ಕ್ಲಾಸಿನಲ್ಲಿ ಮೊದಲು ಲೊಚ್ ಅಂತ ಮಾಡಿದ್ದು ನಾನು," ಎಂದಳು.

"ಗೊತ್ತುಂಟು."

"ಯಾವಾಗಿಂದ?"

"ಅವತ್ತಿನಿಂದ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಅಲ್ಲ ಅಂತಿದ್ದಿ."

"ಹೌದು, ಅಂತಿದ್ದೆ," ಎಂದಳು.

ನನ್ನ ಸಂಶಯ ಸರಿಯಾಗಿತ್ತು. ಹದಿನಾರು ವರ್ಷ ಕಾದದ್ದು ಈ ಒಂದು ಮಾತಿಗೆ. ಅದರ ಸುಖ ಚಹಾ ಕುದಿಯುವವರೆಗೂ ಉಳಿಯಲಿಲ್ಲ. ಬಂದದ್ದು ಸಿಟ್ಟು. "ಯಾಕೆ ಮಾಡಿದೆ?" ಎಂದು ಕೇಳಿದೆ.

"ನಿನ್ನ ನಂತರ ನನ್ನ ಸರದಿ. ಅದೇ ವಾಕ್ಯ ನನ್ನ ಬಾಯಲ್ಲೂ ಇತ್ತು. ನೀನು ಹೇಳಿದ ಕೂಡಲೇ ಅದು ಹೇಗೆ ಕೇಳ್ತದೆ ಅಂತ ನನಗೆ ಗೊತ್ತಾಯ್ತು. ಎಲ್ಲರೂ ನಿನ್ನನ್ನೇ ನೋಡ್ತಾ ಇದ್ರೆ ನನ್ನನ್ನು ನೋಡುವುದಿಲ್ಲ ಅಂತ ಕಂಡಿತು." ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ನೋಡಲೂ ಇಲ್ಲ. ಎರಡು ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ನೀನಾದ್ರೂ ಪದ ಹುಡುಕಿಕೊಂಡಿ. ನಾನು ಮಾತೇ ಬಿಟ್ಟೆ. ಡಿಗ್ರಿಗೆ ಸೇರುವ ಅಂತ ಅಪ್ಪ ಹೇಳಿದ್ರು, ಹೋಗಲಿಲ್ಲ. ಹೊಲಿಗೆಗೆ ಮಾತು ಬೇಡ ಅಲ್ವಾ."

ಅಳತೆ ಕೇಳುವುದಕ್ಕೂ ಟೇಪು ಹಿಡಿದು ಕಣ್ಣಲ್ಲೇ ಕೇಳುತ್ತೇನೆ ಎಂದಳು. ಗಿರಾಕಿಗಳು ತುಳುವಿನವರಾದರೆ ಸರಿ, ಕನ್ನಡದವರಾದರೆ ಹಾಗೆ. ರಿಕ್ಷಾದ ಮೈಕಿನಲ್ಲಿ ಅವಳು ಎರಡು ವರ್ಷ ಕಾಯುತ್ತಿದ್ದದ್ದು ನಾನು ಒಂದು ಸಲವಾದರೂ ಆ ಅಕ್ಷರ ಹೇಳುತ್ತೇನೋ ಎಂದು. ಹೇಳಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತಂತೆ. ನಾನು ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸಿರಲೂ ಇಲ್ಲ. ಚಹಾ ಸೋಸಿ ಕೊಟ್ಟೆ. ಇಬ್ಬರೂ ನಿಂತೇ ಕುಡಿದೆವು.

ಸ್ಪರ್ಧೆ ನಡೆದದ್ದು ತಾಲೂಕಿನ ಒಂದು ಶಾಲೆಯ ಸಭಾಂಗಣದಲ್ಲಿ. ಹೋಗಬಾರದೆಂದು ನಿರ್ಧರಿಸಿದ್ದವಳು ಬಸ್ಸು ಹತ್ತಿದೆ. ಹಿಂದಿನಿಂದ ಎರಡನೆಯ ಸಾಲಿನಲ್ಲಿ ಗೋಡೆಗೆ ಒತ್ತಿ ಕೂತೆ. ಬಲಗಡೆ ಒಂದು ಬೆಂಚಿನ ತುಂಬ ಪುಂಜಾಲಕಟ್ಟೆಯ ಮಕ್ಕಳು, ಹುಡುಗಿಯ ಕ್ಲಾಸಿನವರೇ, ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿಕೊಳ್ಳುತ್ತಿದ್ದರು. ತೀರ್ಪುಗಾರರಲ್ಲಿ ಒಬ್ಬರು ಪೆನ್ನಿನ ಮುಚ್ಚಳ ಕಚ್ಚುತ್ತಾ ನಗುತ್ತಿದ್ದರು. ಯಾರನ್ನು ನೋಡಿ ನಗುತ್ತಾರೆ ಎಂದು ನಾನು ಕತ್ತು ಉದ್ದ ಮಾಡಿ ನೋಡಿದೆ. ಹುಡುಗಿಯ ತಾಯಿ ಒಳಗೆ ಬರಲೇ ಇಲ್ಲ. ಹೊರಗೆ ನೀರಿನ ನಲ್ಲಿಯ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದಳು.

ಏಳನೆಯವಳಾಗಿ ಹುಡುಗಿ ಮೇಲೆ ಬಂದಳು. ಕೈಯಲ್ಲಿ ಕಾಗದವಿಲ್ಲ. ನನ್ನ ಪುಟ ಹೇಳುತ್ತಾಳೋ ತನ್ನದೋ ಎಂದು ಕಾದೆ. ನನ್ನದನ್ನು ಹೇಳಲಿ ಎಂದೇ ಬೇಡಿಕೊಂಡೆ, ಸುಳ್ಳು ಯಾಕೆ.

"ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಲು ನನ್ನ ತಂಗಿ. ಆದರೆ ಅವಲೇ ಯಜಮಾನಿ. ಅವಲು ಹೇಲಿದ್ದೇ ಆಗಬೇಕು."

ಬಲಗಡೆಯ ಬೆಂಚಿನಿಂದ ಒಬ್ಬ, "ಬಲೆ ಬಂತು, ಬಲೆ ಬಂತು," ಎಂದ. ಆ ಬೆಂಚು ಪೂರ್ತಿ ನಕ್ಕಿತು, ಅದರ ಹಿಂದಿನದೂ ನಕ್ಕಿತು. ಹುಡುಗಿ ನಿಲ್ಲಿಸಿದಳು. ನನ್ನ ಕಾಲು ತಾನಾಗಿಯೇ ಬಾಗಿಲಿನ ಕಡೆ ತಿರುಗಿತ್ತು. ಈಗ ಇಳಿಯುತ್ತಾಳೆ, ಇಲ್ಲವೇ ಇನ್ನು ಮೇಲೆ ಅವರು, ಬಂದರು, ಹೋದರು ಎಂದು ಜೀವಮಾನವಿಡೀ ಹೇಳುತ್ತಾಳೆ ಎಂದುಕೊಂಡೆ.

ಅವಳು ಆ ಬೆಂಚಿನ ಕಡೆ ನೋಡಿದಳು. ನಗು ಮುಗಿಯುವವರೆಗೂ ಕಾದಳು. ಮುಗಿದ ಮೇಲೆ, "ಅವಲು ಹೇಲಿದ್ದೇ ಆಗಬೇಕು," ಎಂದು ಅದೇ ವಾಕ್ಯವನ್ನು ಅದೇ ಲಕಾರದಲ್ಲಿ ಮತ್ತೊಮ್ಮೆ ಹೇಳಿ, ಅಕ್ಕಿ ಡಬ್ಬಿಯ ಕತೆಗೆ ಹೋದಳು. ಅಪ್ಪನ ಮೊಬೈಲು ಅಕ್ಕಿಯೊಳಗೆ ರಿಂಗಾದದ್ದನ್ನು ಹೇಳಿದಾಗ ಸಭೆ ಮತ್ತೆ ನಕ್ಕಿತು. ಇದು ಕತೆಗೆ ಬಂದ ನಗುವೇ, ಉಚ್ಚಾರಕ್ಕೆ ಬಂದದ್ದೇ ಎಂದು ನನಗೆ ಬಿಡಿಸಿ ನೋಡಲಾಗಲಿಲ್ಲ. ಅವಳು ಬಿಡಿಸಿ ನೋಡುವ ಗೋಜಿಗೇ ಹೋಗಲಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದವರು ಬೇರೊಂದು ಶಾಲೆಯ ಮೇಷ್ಟ್ರು, ಮಾತಿನಲ್ಲೇ ಘಟ್ಟದ ಮೇಲಿನವರೆಂದು ಗೊತ್ತಾಗುತ್ತಿತ್ತು. ನನ್ನ ಕಡೆ ಬಾಗಿ, "ಯಾರ ಮಗು ಮೇಡಂ ಅದು? ಧೈರ್ಯ ಇದೆ, ಆದ್ರೆ ಉಚ್ಚಾರಣೆ ಒಂಚೂರು..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟರು.

ಇಂಥ ಪ್ರಶ್ನೆಗೆ ನನ್ನಲ್ಲಿ ಉತ್ತರ ಯಾವಾಗಲೂ ಸಿದ್ಧ. ಪರಿಚಯದವರ ಮಗು. ಒಂದು ಅಕ್ಷರವೂ ಅಪಾಯದ್ದಲ್ಲ, ಸುಳ್ಳೂ ಅಲ್ಲ. ಬಾಯಿ ತೆರೆದದ್ದೂ ಅದನ್ನು ಹೇಳಲಿಕ್ಕೇ.

"ನನ್ನ ಗೆಲತಿಯ ಮಗಲು," ಎಂದೆ.

ಪಿಸುಮಾತಿನಲ್ಲಲ್ಲ, ಮೈಕಿಗೆ ಓದುವ ಸ್ವರದಲ್ಲೇ ಬಂದುಬಿಟ್ಟಿತು. ಮುಂದಿನ ಸಾಲಿನಲ್ಲಿ ಎರಡು ತಲೆ ತಿರುಗಿದವು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರೆಂದು ಗೊತ್ತು. ಅವರು ನಕ್ಕರೋ ಇಲ್ಲವೋ ನಾನು ನೋಡಲಿಲ್ಲ. ವೇದಿಕೆಯ ಮೇಲೆ ಅವಳಿನ್ನೂ ಮಾತಾಡುತ್ತಿದ್ದಳು.